ಐವತ್ತೆರಡೂವರೆ ತೊಲ: ದಾದರ್ ಮನೆಯ ಬೆಳ್ಳಿ ಟ್ರಂಕು

ತಗಡಿನ ಟ್ರಂಕಿನಲ್ಲಿ ಇದ್ದದ್ದು ಇಷ್ಟು. ಕಪ್ಪಾಗಿದ್ದ ಒಂದು ದೊಡ್ಡ ತಟ್ಟೆ. ಅದರ ಜೊತೆಗೆ ಸಕ್ಕರೆ ಅಚ್ಚಿನ ಹಾಗೆ ಮೇಲೆ ಚೂಪಾದ ಒಂದು ಡಬ್ಬಿ, ಒಂದು ಪನ್ನೀರು ದಾನಿ, ಒಂದು ಕುಂಕುಮದ ಬಟ್ಟಲು. ಉಬ್ಬು ಕೆಲಸದ ಸಣ್ಣ ಬೋಗುಣಿ. ಆರು ಟೀ ಚಮಚ, ಒಂದು ಸಕ್ಕರೆ ಚಿಮಟ. ಫಳಫಳ ಹೊಳೆಯುವ ಟೀ ಸೆಟ್. ಬೆಳ್ಳಿ ಹಿಡಿಯ ನಾಲ್ಕು ಚಾಕು. ಬಟ್ಟೆಯ ಗಂಟಿನಲ್ಲಿ ಎರಡು ಚಿನ್ನದ ಬಳೆ, ಒಂದು ಮುತ್ತಿನ ಸರ, ಒಂದು ಬ್ರೂಚ್.

ಮುಂಬೈಯ ದಾದರ್ ಪಾರ್ಸಿ ಕಾಲೊನಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬಳ ಚಿಕ್ಕಮ್ಮನ ಮನೆ ಇತ್ತು. ಚಿಕ್ಕಮ್ಮ ತೀರಿಕೊಂಡರು, ಮನೆ ಖಾಲಿ ಮಾಡಬೇಕಾಯಿತು. ವಾರಸುದಾರರು ಇಬ್ಬರು: ಈ ಗೆಳತಿ, ಮತ್ತು ಕೆನಡಾದಲ್ಲಿರುವ ಅವಳ ತಮ್ಮ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಬಂದು ನೋಡಿದ. ಚಿನ್ನ, ಮುತ್ತು ಬೇರೆ, ಉಳಿದದ್ದಕ್ಕೆಲ್ಲ ಸೇರಿಸಿ 75 ಸಾವಿರ ಅಂದ. ಗೆಳತಿ ನನಗೆ ಫೋನ್ ಮಾಡಿದಳು. "ನಿಮ್ಮ ಕಾಕಾ ಬೆಳ್ಳಿ ಕೆಲಸದವರು ಅಲ್ವಾ? ಒಮ್ಮೆ ನೋಡಿ ಹೇಳ್ತಾರಾ?"

ನಮ್ಮದು ಗದಗದ ಪತ್ತಾರ ಮನೆತನ. ಕಾಕಾಗೆ ಈಗ 78. ಕಾಳಬಾದೇವಿಯ ಕಾರಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಬೆಳ್ಳಿ ಬಡಿದವರು. ಈಗ ಡೊಂಬಿವ್ಲಿಯಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಮಗನ ಜೊತೆ ಇದ್ದಾರೆ. ನಾನು ಆ ಕೆಲಸ ಕಲಿಯಲಿಲ್ಲ, ಲೆಕ್ಕಪತ್ರದ ಕೆಲಸಕ್ಕೆ ಹೋದೆ. ಆದರೆ ಹಳೆಯ ಬೆಳ್ಳಿ ಅಂದರೆ ನನಗೆ ಜೀವ. ಹತ್ತು ವರ್ಷದಿಂದ ಅದನ್ನು ಓದುತ್ತಿದ್ದೇನೆ, ಚೋರ್ ಬಜಾರಿನಲ್ಲಿ ತಿರುಗಿದ್ದೇನೆ. 2024ರ ಜುಲೈ ತಿಂಗಳ ನಾಲ್ಕು ಭಾನುವಾರ ಈ ಟ್ರಂಕಿನ ಮುಂದೆ ಕಳೆದೆ. ಆಗ ಬರೆದುಕೊಂಡ ವಹಿ ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ತಿಕ್ಕುವ ಮೊದಲು

ಕಪ್ಪು ಬೆಳ್ಳಿ ಕಂಡರೆ ಕೈ ಸುಮ್ನೆ ಇರುವುದಿಲ್ಲ. ನಾನು ಹುಣಸೆಹಣ್ಣು ನೆನೆ ಹಾಕಲು ಎದ್ದಿದ್ದೆ.

"ಯವ್ವಾ, ಈಗ ಅದನ್ನ ಮುಟ್ಟಬ್ಯಾಡ," ಅಂದರು ಕಾಕಾ. "ಮೊದಲ ತೂಕಾ ಮಾಡು, ಬರಕೋ. ತಿಕ್ಕೂದು ಆಮ್ಯಾಲ."

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆ ಕಪ್ಪು ಪದರ ಆಗುತ್ತದೆ. ಉಜ್ಜಿ ತೆಗೆದಾಗ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಮೇಲ್ಮೈಯ ಸಣ್ಣ ಗೀರು, ಮುದ್ರೆ, ಹೆಸರಿನ ಅಕ್ಷರಗಳ ಅಂಚು ಸವೆಯುತ್ತವೆ. ಹಳೆಯ ಸಾಮಾನಿನ ಚರಿತ್ರೆ ಇರುವುದೇ ಆ ಗೀರುಗಳಲ್ಲಿ. ಅದು ನನಗೆ ಪುಸ್ತಕದಿಂದ ಗೊತ್ತಿತ್ತು, ಆದರೂ ಕೈ ಹುಣಸೆಹಣ್ಣಿಗೆ ಹೋಗಿತ್ತು.

ತಟ್ಟೆಯನ್ನು ಬೋರಲು ಹಾಕಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಕಣ್ಣಿಗೆ ಒತ್ತಿಕೊಂಡೆ. ಅಂಚಿನ ಹತ್ತಿರ ಸೂಜಿಯಲ್ಲಿ ಗೀಚಿದಂತಹ ಗುರುತು ಕಾಣಿಸಿತು. ಗುಜರಾತಿ ಅಂಕಿಯಲ್ಲಿ 52, ಅದರ ಪಕ್ಕ ಎರಡು ಉದ್ದ ಗೆರೆ. ಹಳೆಯ ಲೆಕ್ಕದಲ್ಲಿ ಒಂದು ಗೆರೆ ಅಂದರೆ ಕಾಲು, ಎರಡು ಅಂದರೆ ಅರ್ಧ, ಮೂರು ಅಂದರೆ ಮುಕ್ಕಾಲು. ಅಲ್ಲಿಗೆ ಐವತ್ತೆರಡೂವರೆ. ಏನದು? ತೊಲ. ಒಂದು ತೊಲ ಅಂದರೆ 11.6638 ಗ್ರಾಂ. ಲೆಕ್ಕ ಹಾಕಿದೆ, 612.3 ಗ್ರಾಂ ಬಂತು. ತಟ್ಟೆಯನ್ನು ತಕ್ಕಡಿಗೆ ಇಟ್ಟೆ. 611.8.

ಇಷ್ಟು ವರ್ಷ ಎಷ್ಟೋ ಮದುವೆ, ನವಜೋತ್ (ಪಾರ್ಸಿ ಮಕ್ಕಳಿಗೆ ಮಾಡುವ ಉಪನಯನದಂಥ ಕಾರ್ಯ) ಕಂಡ ತಟ್ಟೆಯಲ್ಲಿ ಸವೆದದ್ದು ಅರ್ಧ ಗ್ರಾಂ. ಕಾಕಾ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಗೀರಿನ ಮೇಲೆ ಬೆರಳು ಆಡಿಸುತ್ತ ಬಹಳ ಹೊತ್ತು ಕೂತರು. "ಇದನ್ನ ಬರದಾಂವ ನನ್ನಂಥಾವನ ಇರಬೇಕು," ಅಂದರು. ಮಾಡಿದ ಸಾಮಾನಿನ ಬುಡದಲ್ಲಿ ತೂಕ ಗೀಚಿ ಕೊಡುವುದನ್ನು ಅವರ ಅಪ್ಪನೂ ಮಾಡುತ್ತಿದ್ದರಂತೆ.

ಉಳಿದವನ್ನೂ ತಿರುಗಿಸಿ ನೋಡಿದೆ. ಚೂಪು ಡಬ್ಬಿಯ ಬುಡದಲ್ಲಿ 15 ಮತ್ತು ಮೂರು ಗೆರೆ, ಅಂದರೆ 183.7 ಗ್ರಾಂ. ತಕ್ಕಡಿ ತೋರಿಸಿದ್ದು 183.4. ಕುಂಕುಮದ ಬಟ್ಟಲಿಗೆ ಗುರುತಿಲ್ಲ, ತೂಕ 66. ಪನ್ನೀರು ದಾನಿಯ ಬುಡದಲ್ಲಿ 18 ಮತ್ತು ಮೂರು ಗೆರೆ. ಹದಿನೆಂಟು ಮುಕ್ಕಾಲು ತೊಲ ಅಂದರೆ 218.7 ಗ್ರಾಂ ಇರಬೇಕು. ತಕ್ಕಡಿಯಲ್ಲಿ 221.9. ಮೂರು ಗ್ರಾಂ ಹೆಚ್ಚು.

ಬಳಸಿದ ಬೆಳ್ಳಿ ಸವೆಯಬೇಕು. ಬೆಳೆದದ್ದು ಹೇಗೆ? ವಹಿಯಲ್ಲಿ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿ ಮುಂದಕ್ಕೆ ಹೋದೆ.

ಈ ನಾಲ್ಕೂ ಸೇರಿ ಒಂದು ಸೆಟ್ಟು. ಪಾರ್ಸಿಗಳು ಇದಕ್ಕೆ ಸೇಸ್ ಅನ್ನುತ್ತಾರೆ. ಚೂಪು ಡಬ್ಬಿ ಸೊಪಾರೋ, ಅದರಲ್ಲಿ ಕಲ್ಲುಸಕ್ಕರೆ ತುಂಬುತ್ತಾರೆ. ಕುಂಕುಮದ ಬಟ್ಟಲು ಪಿಗಾನಿ. ಮದುವೆಯ ಕಾರ್ಯಕ್ಕೆ ನಮ್ಮಲ್ಲಿ ಆರತಿ ತಟ್ಟೆ ಹೇಗೋ ಅವರಲ್ಲಿ ಸೇಸ್ ಹಾಗೆ. ಇದನ್ನು ತಿಳಿಯದವರು ಒಂದೊಂದನ್ನು ಬಿಡಿ ಬಿಡಿ ಮಾರಿಬಿಡುತ್ತಾರೆ. ಸೊಪಾರೋ ಒಂದೇ ಸಿಕ್ಕರೆ ಅಂಗಡಿಯವನಿಗೂ ಅದು ಏನೆಂದು ಗೊತ್ತಾಗದೆ ತೂಕಕ್ಕೆ ಹೋಗುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ನಾಲ್ಕಕ್ಕೂ ಒಂದೇ ನಂಬರು ಕೊಟ್ಟೆ.

ಟೀ ಸೆಟ್

ಗೆಳತಿಯ ಮನೆಯವರಿಗೆಲ್ಲ ಅತಿ ಬೆಲೆಯದ್ದು ಅನ್ನಿಸಿದ್ದು ಟೀ ಸೆಟ್. ಟೀಪಾಟ್, ಹಾಲಿನ ಜಗ್, ಸಕ್ಕರೆ ಬಟ್ಟಲು, ಮೂರೂ ಸೇರಿ 1,140 ಗ್ರಾಂ. ಬುಡದಲ್ಲಿ ಅಚ್ಚುಕಟ್ಟಾಗಿ ನಾಲ್ಕು ಇಂಗ್ಲಿಷ್ ಅಕ್ಷರ: ಇ, ಪಿ, ಎನ್, ಎಸ್. ಎಲೆಕ್ಟ್ರೋಪ್ಲೇಟೆಡ್ ನಿಕ್ಕಲ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದ್ದರೂ ಒಳಗಿನ ಲೋಹದಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ ಅದು. ನಾವು ಜರ್ಮನ್ ಸಿಲ್ವರ್ ಅನ್ನುವುದೂ ಇದನ್ನೇ. ಮೇಲೆ ಮಾತ್ರ ವಿದ್ಯುತ್ತಿನಿಂದ ಕೂರಿಸಿದ ಬೆಳ್ಳಿಯ ತೆಳು ಪದರ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಆಮೇಲೆ ಸಾಧಾರಣ ಮನೆಗಳ ಮೇಜಿಗೂ ಬೆಳ್ಳಿಯಂತೆ ಕಾಣುವ ಟೀ ಸೆಟ್ ಬಂತು.

ಅಕ್ಷರ ಸವೆದು ಹೋಗಿದ್ದರೆ? ಆಗ ನೀರಿನ ಪರೀಕ್ಷೆ. ಅಡುಗೆಮನೆಯಲ್ಲೇ ಆಗುತ್ತದೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಗಾಜಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ವಸ್ತುವನ್ನು ಮೊದಲೇ ತೂಗಿ ಬರೆದುಕೊಂಡಿರಿ. ಈಗ ಅದನ್ನು ದಾರಕ್ಕೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳ, ಗೋಡೆ ಯಾವುದಕ್ಕೂ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಬೇಕು. ತಕ್ಕಡಿ ಈಗ ತೋರಿಸುವ ಗ್ರಾಂ ಎಷ್ಟೋ, ವಸ್ತುವಿನ ಗಾತ್ರ ಅಷ್ಟು ಮಿಲಿಲೀಟರ್. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು.

ಸಕ್ಕರೆ ಬಟ್ಟಲು 214 ಗ್ರಾಂ, ನೀರಲ್ಲಿ 24.6. ಉತ್ತರ 8.7. ಟೀ ಚಮಚ ಆರೂ ಸೇರಿ 72 ಗ್ರಾಂ, ನೀರಲ್ಲಿ 6.95. ಉತ್ತರ 10.36. ಅಪ್ಪಟ ಬೆಳ್ಳಿ 10.49. ಜರ್ಮನ್ ಸಿಲ್ವರ್, ಹಿತ್ತಾಳೆ ಎಲ್ಲ ಎಂಟೂವರೆಯ ಆಸುಪಾಸು. ಎರಡರ ನಡುವಿನ ಅಂತರ ಅಷ್ಟು ದೊಡ್ಡದು. ಆದರೆ ನೂರಕ್ಕೆ 92 ಬೆಳ್ಳಿಯೋ 90 ಬೆಳ್ಳಿಯೋ ಎಂದು ಈ ಪರೀಕ್ಷೆಯಿಂದ ಹೇಳಲು ಆಗುವುದಿಲ್ಲ. ಅಲ್ಲಿ ವ್ಯತ್ಯಾಸ ಬರುವುದು ಎರಡನೇ ದಶಮಾಂಶದಲ್ಲಿ, ನಮ್ಮ ಕೈ ನಡುಕವೇ ಅದಕ್ಕಿಂತ ಜಾಸ್ತಿ.

ಟಂಚ್ ತಿಳಿಯಲು ಝವೇರಿ ಬಜಾರಿಗೆ ಹೋದೆ. ಶುದ್ಧತೆಗೆ ಅಲ್ಲಿ ಎಲ್ಲರೂ ಟಂಚ್ ಅನ್ನುವುದು. ಎಕ್ಸ್‌ರೇಯಿಂದ ಲೋಹ ಓದುವ ಎಕ್ಸ್‌ಆರ್‌ಎಫ್ ಯಂತ್ರದ ಕೆಳಗೆ ಟೀಪಾಟಿನ ಮುಚ್ಚಳ ಇಟ್ಟಾಗ ಪರದೆಯ ಮೇಲೆ ಬೆಳ್ಳಿ 97 ಎಂದು ಬಂತು. ಪಕ್ಕದಲ್ಲಿ ನಿಂತಿದ್ದವರು ಹುಬ್ಬೇರಿಸಿದರು. ಆದರೆ ಟೀಪಾಟಿಗೆ ಸಾಮಾನ್ಯವಾಗಿ 97ರ ಬೆಳ್ಳಿ ಹಾಕುವುದಿಲ್ಲ, ಅಷ್ಟು ಮೆತ್ತಗಿನ ಬೆಳ್ಳಿ ಸುಲಭವಾಗಿ ಬಗ್ಗುತ್ತದೆ. ಯಂತ್ರ ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ಲೇಪನದ ಬೆಳ್ಳಿ ಹೆಚ್ಚುಕಮ್ಮಿ ಅಪ್ಪಟ. ಅಂದರೆ ಅಂಕಿ ಅಷ್ಟು ಮೇಲೆ ಹೋಗಿದ್ದೇ ಅನುಮಾನಕ್ಕೆ ಕಾರಣ. ಮುಚ್ಚಳದ ಒಳ ಅಂಚು ಉಜ್ಜಿ ಹಳದಿಯಾಗಿದ್ದ ಜಾಗ ತೋರಿಸಿ ಮತ್ತೆ ಓದಿಸಿದೆ. ತಾಮ್ರ, ಸತು, ನಿಕ್ಕಲ್ ಮೂರೂ ಎದ್ದು ಬಂದವು.

ಹಳೆಯ ಗಟ್ಟಿ ಬೆಳ್ಳಿಯಲ್ಲೂ ಇದೇ ಮೋಸ ಸ್ವಲ್ಪ ಇರುತ್ತದೆ. ಬಡಿಯುವಾಗ ಮತ್ತೆ ಮತ್ತೆ ಕಾಸಿ ಹುಳಿಯಲ್ಲಿ ಅದ್ದುತ್ತಾರಲ್ಲ, ಆಗ ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿ ಉಳಿಯುತ್ತದೆ. ಸೇಸ್ ತಟ್ಟೆಯ ಮೇಲ್ಭಾಗ 94 ತೋರಿಸಿತು. ಅಂಚಿನ ಅಡಿಯಲ್ಲಿ ಕಾಕಾ ಅರದಿಂದ ಒಂದು ಎಳೆ ತೆಗೆದುಕೊಟ್ಟ ಜಾಗದಲ್ಲಿ 91.3.

ಆ 91.3 ನನಗೆ ಬಹಳ ಸಂತೋಷ ಕೊಟ್ಟಿತು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ನೂರಕ್ಕೆ 91.7, ಬೆಳ್ಳಿ. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಅಲ್ಲಿಯವರೆಗೆ ಊರೂರಲ್ಲೂ ಪತ್ತಾರನಿಗೆ ನಾಣ್ಯ ಎಣಿಸಿ ಕೊಡುವುದು, ಅವನು ಕರಗಿಸಿ ಅಷ್ಟೇ ತೊಲದ ಪಾತ್ರೆ ಮಾಡಿ ಕೊಡುವುದು ರೂಢಿ. ಮಜೂರಿ ಬೇರೆ. ಬೆಸುಗೆ ಸೇರಿದಾಗ ಟಂಚ್ ಕೂದಲೆಳೆ ಇಳಿಯುತ್ತದೆ. ಐವತ್ತು ಚಿಲ್ಲರೆ ರೂಪಾಯಿ ಕರಗಿ ಈ ತಟ್ಟೆ ಆಗಿರಬಹುದು. ಪಟ್ಟಿಯಲ್ಲಿ "1940ಕ್ಕೆ ಮೊದಲು ಇರಬಹುದು" ಎಂದಷ್ಟೇ ಬರೆದೆ. ನನ್ನ ಕೈಯಲ್ಲಿ ಇದ್ದದ್ದು ಒಂದು ಸುಳಿವು, ಅದರ ಮೇಲೆ ವರ್ಷ ಬರೆಯಲು ಬರುವುದಿಲ್ಲ.

ನಾನು ಕೆಡಿಸಿದ ಚಾಕು

ಇದನ್ನು ಬರೆಯದೆ ಬಿಡಬಾರದು. ನಾಲ್ಕು ಚಾಕುಗಳಲ್ಲಿ ಒಂದನ್ನು ನಾನು ಹಾಳು ಮಾಡಿದೆ.

ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು ಸೇರಿಸಿ ಬೆಳ್ಳಿ ಮುಳುಗಿಸಿದರೆ ಕಪ್ಪು ತಾನಾಗಿ ಹೋಗುತ್ತದೆ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಸವೆಯುವುದಿಲ್ಲ. ಒಳ್ಳೆಯ ವಿಧಾನವೇ. ಚಾಕುವಿನಿಂದ ಶುರು ಮಾಡೋಣ ಎಂದು ಒಂದನ್ನು ಕುದಿನೀರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ರಾಳದ ವಾಸನೆ ಬಂತು. ತೆಗೆದರೆ ಅಲಗು ಹಿಡಿಯೊಳಗೆ ಅಲ್ಲಾಡುತ್ತಿದೆ, ಸಂದಿಯಿಂದ ಕಂದು ಬಣ್ಣದ ಅಂಟು ಇಳಿಯುತ್ತಿದೆ.

ಬೆಳ್ಳಿ ಹಿಡಿಯ ಚಾಕುಗಳಲ್ಲಿ ಹಿಡಿ ಅನ್ನುವುದು ಕಾಗದದಂತಹ ತಗಡು, ಎರಡು ಹೋಳು ಸೇರಿಸಿ ಬೆಸೆದದ್ದು. ಒಳಗೆ ರಾಳ ತುಂಬಿ ಅದರಲ್ಲಿ ಅಲಗಿನ ಬಾಲ ಕೂರಿಸಿರುತ್ತಾರೆ. ಬಿಸಿ ತಾಗಿದರೆ ರಾಳ ಕರಗುತ್ತದೆ. ಬುಡ ಭಾರವಿರುವ ಮೇಣದ ಬತ್ತಿ ಸ್ಟ್ಯಾಂಡುಗಳೂ ಹೀಗೇ. ಹೀಗಾಗಿ ಇವುಗಳ ತೂಕಕ್ಕೂ ಅರ್ಥವಿಲ್ಲ, ತಕ್ಕಡಿಗೆ ಬೀಳುವುದು ಉಕ್ಕು ಮತ್ತು ರಾಳ. ಗೆಳತಿಗೆ ಅವತ್ತೇ ಫೋನ್ ಮಾಡಿ ಹೇಳಿದೆ, ಪಟ್ಟಿಯಲ್ಲೂ ಬರೆದೆ. ಉಳಿದ ಮೂರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟೆ.

ಸಿಂಹ, ಲಂಗರು, ಒಂದು ಅಕ್ಷರ

ಚಮಚಗಳ ಹಿಂಭಾಗದಲ್ಲಿ ನಾಲ್ಕು ಸಣ್ಣ ಮುದ್ರೆ. ಇಂಗ್ಲೆಂಡಿನ ಬೆಳ್ಳಿ ಓದುವುದು ನಿಜಕ್ಕೂ ಸುಲಭ, ಅವರ ಮುದ್ರೆಗಳು ಒಂದು ಶಿಸ್ತಿನಲ್ಲಿ ಇವೆ. ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಸ್ಟರ್ಲಿಂಗ್, ನೂರಕ್ಕೆ 92.5 ಬೆಳ್ಳಿ. ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್. ಚಿರತೆಯ ಮುಖ ಲಂಡನ್. ಕಿರೀಟ ಇದ್ದರೆ 1975ಕ್ಕೆ ಮೊದಲಿನ ಶೆಫೀಲ್ಡ್. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಹೇಗೆ ಬಂತೋ ಎಂದು ಕಾಕಾ ಕೇಳಿದರು. 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡು ಊರಿಗೂ ಬೆಳ್ಳಿ ಪರೀಕ್ಷಾ ಕಚೇರಿ ಸಿಕ್ಕಿತು. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೋಟೆಲಿನ ಹೆಸರು ಕ್ರೌನ್ ಆ್ಯಂಡ್ ಆ್ಯಂಕರ್, ಅದರಿಂದಲೇ ಈ ಗುರುತುಗಳು ಬಂದವು ಎಂದು ಕಥೆ ಇದೆ. ಹೇಳಿದೆ, ಖುಷಿಪಟ್ಟರು.

ಮೂರನೆಯದು ವರ್ಷದ ಅಕ್ಷರ. ನಮ್ಮ ಚಮಚದಲ್ಲಿ ಸಣ್ಣಕ್ಷರದ ಎನ್. ಬರ್ಮಿಂಗ್‌ಹ್ಯಾಮಿನ 1900ರಲ್ಲಿ ಶುರುವಾದ ಸುತ್ತಿನಲ್ಲಿ ಅದು 1912. ಆದರೆ ಎನ್ ಅಕ್ಷರ ಪ್ರತಿ ಸುತ್ತಿನಲ್ಲೂ ಬರುತ್ತದೆ. ಅಕ್ಷರದ ಶೈಲಿ, ಅದರ ಸುತ್ತಲಿನ ಗುರಾಣಿಯ ಆಕಾರ ಎರಡೂ ಹೊಂದಬೇಕು. ಇನ್ನೊಂದು ಸಾಕ್ಷಿ ಏನೆಂದರೆ ಇಲ್ಲಿ ರಾಜನ ತಲೆಯ ಮುದ್ರೆ ಇಲ್ಲ. ಸುಂಕ ಕಟ್ಟಿದ್ದಕ್ಕೆ ಗುರುತಾಗಿ 1784ರಿಂದ 1890ರವರೆಗೆ ರಾಜ ಅಥವಾ ರಾಣಿಯ ತಲೆ ಒತ್ತುತ್ತಿದ್ದರು. ಅದಿಲ್ಲ, ಹಾಗಾಗಿ ಇದು ಆ ಅವಧಿಯದ್ದಲ್ಲ. ಎರಡೂ ಕಡೆಯಿಂದ ಲೆಕ್ಕ ಕೂಡಿತು. ಆಗಿನ ದರದಲ್ಲಿ ಕರಗಿಸಿದರೆ ಆರು ಸಾವಿರದ ಬೆಳ್ಳಿ. ಚಂದ ಇವೆ, ಆದರೆ ಅಪರೂಪ ಅಲ್ಲ. ಇಂಥವು ಆ ಕಾಲದಲ್ಲಿ ರಾಶಿ ರಾಶಿ ಬಂದಿವೆ. ಚಿಮಟವೂ ಅದೇ ಜಾತಿ.

ಬೋಗುಣಿ

ಟ್ರಂಕಿನಲ್ಲಿ ನನ್ನ ಮನಸ್ಸು ನಿಂತದ್ದು ಇದರ ಮೇಲೆ. 148.3 ಗ್ರಾಂ, ಅಂಗೈಯಲ್ಲಿ ಕೂರುತ್ತದೆ. ಸುತ್ತ ದಟ್ಟ ಬಳ್ಳಿ, ಸುರುಳಿ ಸುತ್ತಿದ ಎಲೆ. ಎಲೆಗಳ ನಡುವೆ ಒಂದು ಜಿಂಕೆ, ಅದನ್ನು ಹಿಂಬಾಲಿಸುವ ಚಿರತೆ, ಸ್ವಲ್ಪ ಆಚೆ ಒಂದು ಆನೆ. ಎಲೆಯ ನರಗಳೂ ಕಾಣುತ್ತವೆ. ಹಿನ್ನೆಲೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು, ಅವುಗಳಲ್ಲಿ ಕಪ್ಪು ನಿಂತಿದೆ. ಆ ಕಪ್ಪು ಇರುವುದರಿಂದಲೇ ಜಿಂಕೆ ಎದ್ದು ಬರುತ್ತದೆ. ಫಾಯಿಲ್ ನೀರಿಗೆ ಇದನ್ನು ಹಾಕಿದ್ದರೆ ಎಲ್ಲ ಒಂದೇ ಬಿಳಿ ಆಗಿ ಚಪ್ಪಟೆ ಕಾಣುತ್ತಿತ್ತು.

ಕಾಕಾ ಬೆರಳನ್ನು ಒಳಗೆ ಹಾಕಿ ಕಣ್ಣು ಮುಚ್ಚಿದರು. ಹೊರಗೆ ಆನೆ ಉಬ್ಬಿದಲ್ಲಿ ಒಳಗೆ ತಗ್ಗು ಇರಬೇಕು. ತಗಡನ್ನು ಒಳಗಿನಿಂದ ಬಡಿದು ಉಬ್ಬಿಸಿ, ಆಮೇಲೆ ಅರಗಿನ ಮೇಲೆ ಕೂರಿಸಿ ಹೊರಗಿನಿಂದ ಉಳಿಯಲ್ಲಿ ತಿದ್ದಿದ ಕೆಲಸ ಅದು. ಅಚ್ಚಿನಲ್ಲಿ ಎರೆದ ನಕಲಿಗೆ ಒಳಭಾಗ ನುಣ್ಣಗೆ ಇರುತ್ತದೆ ಅಥವಾ ಮರಳಿನ ಚುಕ್ಕೆ ಇರುತ್ತದೆ. "ಒಳಗ ಎಲ್ಲಾ ಐತಿ," ಅಂದರು. "ಆನಿ ಸೊಂಡ್ಲಿ ಸಹಿತ ಕೈಗೆ ಹತ್ತತೈತಿ." ನೀರಿನ ಪರೀಕ್ಷೆ 10.3 ಕೊಟ್ಟಿತು.

ಬಳ್ಳಿಯ ನಡುವೆ ಪ್ರಾಣಿ ಬರುವ ಈ ಕೆಲಸ ಕಚ್‌ನದ್ದು. ಅಲ್ಲಿನ ದೊಡ್ಡ ಹೆಸರು ಭುಜ್‌ನ ಊಮರ್ಸಿ ಮಾವ್ಜಿ, 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಚ್ ದರಬಾರಿಗೆ ಕೆಲಸ ಮಾಡಿದವರು. ತಮ್ಮ ಸಾಮಾನಿಗೆ ಇಂಗ್ಲಿಷ್‌ನಲ್ಲಿ ಓ.ಎಂ. ಭುಜ್ ಎಂದು ಮುದ್ರೆ ಒತ್ತುತ್ತಿದ್ದರು. ಆ ಮುದ್ರೆ ಇದ್ದರೆ ಬೆಲೆಯೇ ಬೇರೆ. ನಾನು ಬೋಗುಣಿಯ ಬುಡ, ಅಂಚು, ಒಳಗು ಎಲ್ಲ ಲೂಪ್ ಹಿಡಿದು ಎರಡು ಗಂಟೆ ಹುಡುಕಿದೆ. ಒಂದು ಚುಕ್ಕೆಯೂ ಇಲ್ಲ. ಆಗಿನ ಭಾರತದಲ್ಲಿ ಬೆಳ್ಳಿಗೆ ಮುದ್ರೆ ಕಡ್ಡಾಯ ಇರಲಿಲ್ಲ, ಒಳ್ಳೊಳ್ಳೆಯ ಕೆಲಸಕ್ಕೂ ಹೆಸರಿಲ್ಲ.

ಚೋರ್ ಬಜಾರಿನಲ್ಲಿ ಕಚ್‌ನ ಯಾವ ಬಟ್ಟಲು ತೋರಿಸಿದರೂ ಓ.ಎಂ. ಅನ್ನುವವರಿದ್ದಾರೆ. ನನಗೆ ಅದು ಸಿಟ್ಟು ತರಿಸುತ್ತದೆ. ಹೆಸರು ಗೊತ್ತಿಲ್ಲದ ಒಬ್ಬ ಕೈಗಾರನ ಕೆಲಸವನ್ನು ಹೆಸರಿರುವವನ ಖಾತೆಗೆ ಹಾಕಿಬಿಟ್ಟರೆ ಆ ಕೈಗಾರ ಪೂರ್ತಿ ಅಳಿದುಹೋದ ಹಾಗೆ. ಪಟ್ಟಿಯಲ್ಲಿ ಬರೆದದ್ದು: "ಕಚ್ ಶೈಲಿ, ಕೈಯಿಂದ ಬಡಿದ ಉಬ್ಬು ಕೆಲಸ, ಮುದ್ರೆ ಇಲ್ಲ, ಹಳೆಯ ಕಪ್ಪು ಹಾಗೇ ಇದೆ." ಮ್ಯೂಸಿಯಂ ಒಂದಕ್ಕೆ ಒಂದು ಮಧ್ಯಾಹ್ನ ಹೋಗಿ ಆ ಕಾಲದ ಲೋಹದ ಕೆಲಸ ನೋಡಿಕೊಂಡು ಬಂದ ಮೇಲೆ ಶೈಲಿ ಎಂಬ ಮಾತು ಬರೆಯಲು ಧೈರ್ಯ ಬಂತು.

ಬಟ್ಟೆಯ ಗಂಟು

ಬ್ರೂಚಿನ ಹಿಂದೆ 9 ಮತ್ತು .375 ಇತ್ತು. ಒಂಬತ್ತು ಕ್ಯಾರಟ್. ಮುಗಿಯಿತು.

ಬಳೆ ಎರಡೂ ಸೇರಿ 24 ಗ್ರಾಂ. ಒರೆಗಲ್ಲಿಗೆ ಹಚ್ಚಿದರೂ, ಯಂತ್ರದಲ್ಲಿ ಓದಿಸಿದರೂ 22 ಕ್ಯಾರಟ್. ಆದರೆ ನೀರಲ್ಲಿ 4.6 ತೋರಿಸಿತು. ಸಾಂದ್ರತೆ 5.2. 22 ಕ್ಯಾರಟ್ ಚಿನ್ನ 17.7ರ ಹತ್ತಿರ ಇರಬೇಕು. ಗೆಳತಿ ಹೆದರಿದಳು. ಕಾಕಾ ಬಳೆಯನ್ನು ಉಗುರಿನಿಂದ ತಟ್ಟಿದರು. ಠಣ್ ಅನ್ನಲಿಲ್ಲ, ಮರ ತಟ್ಟಿದ ಹಾಗೆ ಕೇಳಿತು. ಒಳಗೆ ಅರಗು. ಇದು ಮೋಸ ಅಲ್ಲ, ಹಳೆಯ ಪದ್ಧತಿ. ತೆಳು ಚಿನ್ನದ ತಗಡು ಚಪ್ಪಟೆಯಾಗದಿರಲಿ ಎಂದು ಅರಗು ತುಂಬುತ್ತಾರೆ. ನಮ್ಮ ಬುಗುಡಿ, ಮರಾಠಿಗರ ಠುಶಿಯ ಗುಂಡಿನಲ್ಲೂ ಅದೇ. ಅರಗಿನಲ್ಲಿ ಇಟ್ಟಿಗೆ ಪುಡಿ ಎಷ್ಟು ಸೇರಿದೆಯೋ ಅದರ ಮೇಲೆ ಲೆಕ್ಕ ಬದಲಾಗುತ್ತದೆ. ನನ್ನ ಲೆಕ್ಕಕ್ಕೆ ಚಿನ್ನ 18ರಿಂದ 20 ಗ್ರಾಂ ಬಂತು. 24 ಗ್ರಾಂ ಎಂದು ಕೊಂಡವನಿಗೆ ನಷ್ಟ. ಕಣ್ಣಂದಾಜಿನಲ್ಲಿ ಅರ್ಧ ಕಳೆದರೆ ಮಾರುವವರಿಗೆ ನಷ್ಟ.

ಮುತ್ತಿನ ಸರವನ್ನು ಮನೆಯಲ್ಲಿ ಎಲ್ಲರೂ ಬಸ್ರಾ ಅನ್ನುತ್ತಿದ್ದರಂತೆ. ಪರ್ಷಿಯನ್ ಕೊಲ್ಲಿಯ ಸಹಜ ಮುತ್ತು ಮುಂಬೈಗೆ ಬಂದು ಇಲ್ಲಿಂದ ಲೋಕಕ್ಕೆಲ್ಲ ಹೋಗುತ್ತಿದ್ದ ಕಾಲ ಇತ್ತು, ಹಾಗಾಗಿ ಇಲ್ಲಿನ ಹಳೆಯ ಮನೆಗಳಲ್ಲಿ ಆ ಮಾತು ಸಹಜ. ಹಲ್ಲಿಗೆ ಉಜ್ಜಿದರೆ ಸಣ್ಣ ಮರಳಿನ ಹಾಗೆ ತರಿತರಿ ಅನ್ನಿಸಿತು. ಅಂದರೆ ಗಾಜಲ್ಲ, ಮುತ್ತೇ. ಆದರೆ ಸಾಕಿ ಬೆಳೆಸಿದ ಮುತ್ತೂ ಹಾಗೇ ತರಿತರಿ ಅನ್ನಿಸುತ್ತದೆ. ಲೂಪ್‌ನಲ್ಲಿ ರಂಧ್ರದ ಒಳಗೆ ನೋಡಿದೆ. ಮೇಲಿನ ಹೊಳಪಿನ ಪದರ ಮುಗಿದು ಒಳಗಿನ ಗುಂಡು ಶುರುವಾಗುವಲ್ಲಿ ತೆಳುವಾದ ಕಪ್ಪು ಗೆರೆ. ಸಾಕಿದ ಮುತ್ತಿನ ಲಕ್ಷಣ ಅದು. ಲ್ಯಾಬಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಅದೇ ಖಾತ್ರಿಯಾಯಿತು. ಗೆಳತಿಗೆ ಹೇಳುವಾಗ ಬೇಜಾರಾಯಿತು. ಅವಳು ಸರ ಕೊರಳಿಗೆ ಹಾಕಿಕೊಂಡೇ ಕೇಳುತ್ತಿದ್ದಳು, ತೆಗೆಯಲಿಲ್ಲ.

ಬೆಲೆಯ ಹಾಳೆ

ಪ್ರತಿ ವಸ್ತುವಿಗೂ ಮೂರು ಬೆಲೆ ಬರೆದೆ. ಮುರಿದು ಕರಗಿಸಿದರೆ ಎಷ್ಟು. ತಿಳಿದವರಿಗೆ ಮಾರಿದರೆ ಎಷ್ಟು. ಇಂಥದ್ದೇ ಹೊಸದು ಮಾಡಿಸಿದರೆ ಎಷ್ಟು. ಮನೆಯವರು ಮೂರನೆಯದನ್ನು ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ, ವ್ಯಾಪಾರಿ ಮೊದಲನೆಯದರಿಂದಲೂ ಕಳೆದು ಹೇಳುತ್ತಾನೆ. ಜಗಳ ಹುಟ್ಟುವುದು ಅಲ್ಲೇ.

ತಿಂಗಳ ಮಧ್ಯದಲ್ಲಿ ಬೆಳ್ಳಿ ಕೆಜಿಗೆ 90 ಸಾವಿರದ ಆಸುಪಾಸು ಇತ್ತು. ಸೇಸ್‌ನ ನಾಲ್ಕೂ ಸೇರಿ 1,080 ಗ್ರಾಂ, ಟಂಚ್ 91. ಬರೀ ಕರಗಿಸಿದರೂ 88 ಸಾವಿರ. ವ್ಯಾಪಾರಿಯ 75 ಸಾವಿರದಲ್ಲಿ ಸೇಸ್ ಒಂದೇ ಅಲ್ಲ, ಬೋಗುಣಿ, ಚಮಚ, ಟೀ ಸೆಟ್ ಎಲ್ಲ ಸೇರಿತ್ತು. ಜುಲೈ 23ರ ಬಜೆಟ್‌ನಲ್ಲಿ ಬೆಳ್ಳಿ, ಚಿನ್ನದ ಆಮದು ಸುಂಕ ನೂರಕ್ಕೆ 15ರಿಂದ 6ಕ್ಕೆ ಇಳಿಯಿತು. ದರ ಒಂದೇ ದಿನ ಕುಸಿಯಿತು. ಮೊದಲ ಕಾಲಂ ಪೂರ್ತಿ ಹೊಡೆದು ಹಾಕಿ ಮತ್ತೆ ಬರೆದೆ. ಎರಡನೇ ಕಾಲಂ ಮುಟ್ಟಲೇ ಬೇಕಾಗಲಿಲ್ಲ. ಬೋಗುಣಿಯ ಜಿಂಕೆಗೆ ಬಜೆಟ್ ತಾಗುವುದಿಲ್ಲ.

ಬೋಗುಣಿಯ ಬೆಳ್ಳಿ ಲೆಕ್ಕ 12 ಸಾವಿರ. ಸಂಗ್ರಹ ಮಾಡುವ ಒಬ್ಬರು ಬಂದು, ನನ್ನ ಚೀಟಿಯನ್ನು ಎರಡು ಸಲ ಓದಿ, 42 ಸಾವಿರ ಕೊಟ್ಟು ಒಯ್ದರು. ಮುದ್ರೆ ಇಲ್ಲ ಎಂದು ನಾವೇ ಬರೆದದ್ದರಿಂದ ಉಳಿದ ಮಾತನ್ನೂ ನಂಬಿದೆ ಅಂದರು.

ತಮ್ಮನಿಗೆ ಚಮಚ ಬೇಕಿತ್ತು, ಕೆನಡಾಕ್ಕೆ ಒಯ್ಯುವ ಆಸೆ. ಆದರೆ 1912ರ ಸಾಮಾನು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಪುರಾತನ ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ಭಾರತೀಯ ಪುರಾತತ್ವ ಇಲಾಖೆ. ಅವರನ್ನು ಕೇಳದೆ ಸೂಟ್‌ಕೇಸಿಗೆ ಹಾಕಬೇಡ ಎಂದು ಗೆಳತಿ ತಮ್ಮನಿಗೆ ಹೇಳಿದಳು. ಚಮಚ ಮುಂಬೈಯಲ್ಲೇ ಉಳಿದವು. ಟೀ ಸೆಟ್ ದಿನಾ ಬಳಸುತ್ತಿದ್ದಾಳೆ, ಅದಕ್ಕೆ ಅದೇ ಸರಿಯಾದ ಜಾಗ. ಸೇಸ್ ಮಾರುವುದಿಲ್ಲ ಎಂದು ಇಬ್ಬರೂ ತೀರ್ಮಾನ ಮಾಡಿದರು. ತಮ್ಮನ ಮಗಳ ನವಜೋತ್ ಮುಂಬೈಯಲ್ಲೇ ಮಾಡುವುದಂತೆ.

ಪನ್ನೀರು ದಾನಿಯ ಕತ್ತು

ಹಾಗಾಗಿ ಪನ್ನೀರು ದಾನಿ ಬಳಸುವ ಸ್ಥಿತಿಗೆ ಬರಬೇಕಿತ್ತು. ಉದ್ದ ಕತ್ತು ಗುಂಡು ಹೊಟ್ಟೆಗೆ ಸೇರುವಲ್ಲಿ ಅಲ್ಲಾಡುತ್ತಿತ್ತು. ಸೇರಿದ ಜಾಗದ ಸುತ್ತ ಬೂದು ಬಣ್ಣದ ದಪ್ಪ ಬಳೆ. ಉಗುರಿನಿಂದ ಒತ್ತಿದರೆ ಗೀರು ಬಿತ್ತು.

"ಸೀಸ," ಅಂದರು ಕಾಕಾ. "ಯಾರೋ ರೇಡಿಯೋ ರಿಪೇರಿ ಮಾಡೂ ಬೆಸಗಿ ಹಚ್ಯಾರ."

ಕೆಂಪು ಶಾಯಿಯ ಗುಂಡು ನೆನಪಾಯಿತು. ಹೆಚ್ಚಿದ್ದ ಮೂರು ಗ್ರಾಂ ಇಲ್ಲಿ ಕೂತಿತ್ತು.

ಸೀಸ ಸೇರಿದ ಬೆಸುಗೆ ಸಣ್ಣ ಬಿಸಿಗೇ ಕರಗುತ್ತದೆ, ಹಾಗಾಗಿ ಅವಸರದವರು ಅದನ್ನೇ ಹಚ್ಚುತ್ತಾರೆ. ಆಮೇಲೆ ಬಂದವರಿಗೆ ಕಷ್ಟ. ಬೆಳ್ಳಿ ಬೆಸುಗೆಗೆ ಕೆಂಪಗೆ ಕಾಸಬೇಕು. ಆ ಕಾವಿಗೆ ಉಳಿದ ಒಂದು ಚೂರು ಸೀಸವೂ ಬೆಳ್ಳಿಯೊಳಗೆ ಇಳಿದು ಅದನ್ನು ತಿಂದು ತೂತು ಮಾಡುತ್ತದೆ. ಆದ್ದರಿಂದ ಒಂದು ಕಣವೂ ಬಿಡದೆ ತೆಗೆಯಬೇಕು.

ಕಾಕಾ ಸಣ್ಣ ಉರಿಯಲ್ಲಿ ಕತ್ತನ್ನು ಬೆಚ್ಚಗೆ ಮಾಡಿ ಬಿಡಿಸಿಕೊಂಡರು. ಮೆತ್ತಗಿರುವಾಗಲೇ ಬಟ್ಟೆಯಿಂದ ಒರೆಸಿದರು. ಉಳಿದದ್ದನ್ನು ಹೆರೆಯುವ ಚಾಣದಿಂದ ಎಳೆ ಎಳೆಯಾಗಿ ತೆಗೆದರು. ನಾನು ಪಕ್ಕದಲ್ಲಿ ಲೂಪ್ ಹಿಡಿದು "ಇಲ್ಲಿ ಇನ್ನೂ ಬೂದು ಐತಿ ಕಾಕಾ" ಎಂದು ತೋರಿಸುವುದು, ಅವರು ಹೆರೆಯುವುದು. ಸಂಜೆಯವರೆಗೆ ಅದೇ ನಡೆಯಿತು. ಬೂದು ಹೋಗಿ ಸುತ್ತ ಬಿಳಿ ಬೆಳ್ಳಿ ಕಂಡ ಮೇಲೆ ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ಚಹಾ ಕೇಳಿದರು.

ಮರುದಿನ ಬೆಸುಗೆ. ಕಲ್ಲಿನ ಮೇಲೆ ಬಿಳಿಗಾರವನ್ನು ನೀರು ಹಾಕಿ ತೇಯ್ದು, ಆ ಹಾಲನ್ನು ಕೀಲಿಗೆ ಸವರಿದರು. ಬೆಳ್ಳಿ ಬೆಸುಗೆಯ ತಗಡನ್ನು ಅಕ್ಕಿಕಾಳಿನ ಅರ್ಧದಷ್ಟು ಚೂರು ಮಾಡಿ ಚಿಮ್ಮಟದಲ್ಲಿ ಒಂದೊಂದಾಗಿ ಸುತ್ತ ಇಟ್ಟರು. ಏಳು ಚೂರು. ಕುಂಪಟಿ ಈಗ ಇಲ್ಲ, ಗ್ಯಾಸ್ ಟಾರ್ಚ್ ಇದೆ. ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಹೊಟ್ಟೆಯ ಮೇಲೆ ಜಾಸ್ತಿ, ಕತ್ತಿನ ಮೇಲೆ ಕಮ್ಮಿ ಆಡಿಸಿದರು, ದಪ್ಪ ಭಾಗ ನಿಧಾನಕ್ಕೆ ಕಾಯುತ್ತದೆ ಎಂದು. ಬಿಳಿಗಾರ ಮೊದಲು ನೊರೆಯಾಗಿ ಉಬ್ಬಿತು, ಆಮೇಲೆ ಗಾಜಿನ ಹಾಗೆ ತಿಳಿಯಾಯಿತು. ಬೆಳ್ಳಿ ಮಂದ ಕೆಂಪಿಗೆ ಬಂತು. ಒಂದು ಕ್ಷಣ ಏಳೂ ಚೂರು ಹಾಗೇ ಕೂತಿದ್ದವು. ಮರುಕ್ಷಣ ನೀರಾಗಿ, ಸುತ್ತ ಒಂದು ಹೊಳೆಯುವ ಗೆರೆ ಓಡಿ ಕೂಡಿಕೊಂಡಿತು. ಕಾಕಾ ಆಗಲೇ ಉರಿ ತೆಗೆದಿದ್ದರು.

ಆರಿದ ಮೇಲೆ ಹುಣಸೆಹಣ್ಣು, ಉಪ್ಪು ಹಾಕಿದ ನೀರಲ್ಲಿ ಕುದಿಸಿದೆವು. ಮೊದಲ ಭಾನುವಾರ ಬೇಡ ಅಂದಿದ್ದ ಹುಣಸೆಹಣ್ಣು ಕೊನೆಗೆ ಇಲ್ಲಿ ಕೆಲಸಕ್ಕೆ ಬಂತು. ಬುಡದ ಗೀರಿಗೆ ಉಜ್ಜುವ ಬಟ್ಟೆ ತಾಗದ ಹಾಗೆ ಟೇಪು ಅಂಟಿಸಿ ಉಳಿದದ್ದನ್ನು ಅಂಟುವಾಳದ ನೀರಲ್ಲಿ ತೊಳೆದೆ. ನಾಲ್ಕನ್ನೂ ಮಲ್ ಬಟ್ಟೆಯಲ್ಲಿ ಸುತ್ತಿ, ತೇವ ಹೀರಲು ಸೀಮೆಸುಣ್ಣದ ಎರಡು ತುಂಡು ಜೊತೆಗೆ ಹಾಕಿದೆ. ರಬ್ಬರ್ ಬ್ಯಾಂಡ್ ಹಾಕಲಿಲ್ಲ, ರಬ್ಬರಿನಲ್ಲಿ ಗಂಧಕ ಇರುತ್ತದೆ, ಸುತ್ತಿದಲ್ಲಿ ಕಪ್ಪು ಬರೆ ಬೀಳುತ್ತದೆ.

ಕಟ್ಟುವ ಮೊದಲು ಕಾಕಾ ಪನ್ನೀರು ದಾನಿಯನ್ನು ಇನ್ನೊಮ್ಮೆ ತಕ್ಕಡಿಗೆ ಇಡು ಅಂದರು. ಬುಡದಲ್ಲಿ ಗೀಚಿದ್ದು ಹದಿನೆಂಟು ಮುಕ್ಕಾಲು ತೊಲ, 218.7. ತಕ್ಕಡಿಯಲ್ಲಿ 219.1 ಬಂದು ನಿಂತಿತು. ಹೆಚ್ಚಿದ್ದ 0.4 ಕಾಕಾ ಹಾಕಿದ ಬೆಸುಗೆ. ವಹಿಯಲ್ಲಿ ಕೆಂಪು ಗುಂಡಿನ ಪಕ್ಕ ಅದನ್ನು ಬರೆದು ಮುಚ್ಚಿದೆ.